ಅನ್ನಪೂರ್ಣ ಟೀಚರಿಗೆ ಉಡಿ ತುಂಬಿದ್ದು

ಶಾಲೆಯ ಅಡುಗೆ ಕೋಣೆಯ ಕಿಟಕಿ ಹೆಡ್ ಮಾಸ್ತರ ಕೋಣೆಗೆ ಹತ್ತಿಕೊಂಡೇ ಇತ್ತು. ಅಲ್ಲಿ ಆಡಿದ ಮಾತು ಇಲ್ಲಿ ಕೇಳಿಸಬಾರದೆಂಬುದು ಶಾಲೆ ಕಟ್ಟಿದವರಿಗೆ ಹೊಳೆದಿರಲಿಲ್ಲ. ಹೀಗಾಗಿ ಆ ಸೋಮವಾರ ಬೇಳೆ ಕುದಿಯುವ ಹೊತ್ತಿಗೆ, ಬಿಸಿಯೂಟ ಮಾಡುವ ಜನ್ನತಬಿಗೂ ಮುತ್ತವ್ವನಿಗೂ ಸುದ್ದಿ ತಿಳಿದುಬಿಟ್ಟಿತು.

"ಮಕ್ಕಳು ಅರವತ್ತು ದಾಟಿದ್ರ ಮೂರು ಮಂದಿ ಶಿಕ್ಷಕರು. ದಾಟಲಿಲ್ಲ ಅಂದ್ರ ಇಬ್ರು. ಲೆಕ್ಕ ಅಷ್ಟ ಐತ್ರಿ," ಎಂದು ಪುಂಡಲೀಕಪ್ಪ ಮಾಸ್ತರು ಹೇಳುತ್ತಿದ್ದರು. "ಈ ವರ್ಷ ನಮಗ ಮೂರು ಮಕ್ಕಳು ಕಡಿಮಿ ಬಿದ್ದಾವ. ಹೆಚ್ಚುವರಿ ಅಂತ ನಿಮ್ಮ ಹೆಸರು ಬಂದೈತಿ ಟೀಚರ. ಮುಂಡರಗಿ ಆಚೆ ಎಲ್ಲಿ ಖಾಲಿ ಐತಿ ಅಲ್ಲಿ ಹಾಕ್ತಾರ."

ಆಮೇಲೆ ಅನ್ನಪೂರ್ಣ ಟೀಚರ ದನಿ ಬಂತು. "ಶನಿವಾರದ ತನಕ ಟೈಮ್ ಐತೆಲ್ರಿ ಸರ್?"

"ಐತಿ. ಶನಿವಾರ ಮಧ್ಯಾಹ್ನದೊಳಗ ಹೊಸಾ ದಾಖಲಾತಿ ಆದ್ರ ಹೇಳ್ರಿ. ಬೈಕ್ ಹತ್ತಿ ಗದಗಕ್ಕ ಹೋಗಿ ಆಫೀಸಿನ್ಯಾಗ ಕುಂತ ಕೇಳತೀನಿ. ಆಮ್ಯಾಲ ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ಮುತ್ತವ್ವ ಹಸಿಮೆಣಸಿನಕಾಯಿ ಮುರಿಯುವುದನ್ನು ಬಿಟ್ಟು ಜನ್ನತಬಿಯ ಕಡೆ ವಾರೆಗಣ್ಣಿನಿಂದ ನೋಡಿದಳು.

"ಕೇಳಿದೇನ ಬೀ? ಮೂರು ಕಡಿಮಿ ಅಂತ. ನಿನ್ನ ಮಗನ ಟಂಟಂದಾಗ ನೋಡಿದ್ರ ಮಕ್ಕಳು ಕಾಲು ಹೊರಗ ಬಿಟಗೊಂಡು ಕುಂಡ್ರತಾವ."

"ನಿನ್ನ ಮೊಮ್ಮಗನ ಕಾಲೂ ಅದರಾಗ ಐತಿ," ಎಂದಳು ಜನ್ನತಬಿ. "ಬ್ಯಾಳಿ ತಳ ಹತ್ತಾಕತ್ತೈತಿ, ಸೌಟು ಕೊಡು."

ಇದು ಅವರಿಬ್ಬರಲ್ಲಿ ದಿನವೂ ನಡೆಯುವ ಚೇಷ್ಟೆ. ಆದರೆ ಆ ದಿನ ನಗು ಬಾಯಿಯಿಂದ ಹೊರಗೆ ಬರಲಿಲ್ಲ.

ಜನ್ನತಬಿಯ ಮಗ ಅಯ್ಯೂಬ ದಿನಾ ಮುಂಜಾನೆ ಊರಿನ ಮಕ್ಕಳನ್ನು ತನ್ನ ಟಂಟಂ ಆಟೋದಲ್ಲಿ ತುಂಬಿಕೊಂಡು ಲಕ್ಷ್ಮೇಶ್ವರದ ಇಂಗ್ಲಿಷ್ ಶಾಲೆಗೆ ಬಿಟ್ಟು ಬರುತ್ತಿದ್ದ. ಅವನ ಇಬ್ಬರು ಹೆಣ್ಣುಮಕ್ಕಳು ಫಿಜಾ, ರುಹಿ ಅವನ ಎಡಬಲಕ್ಕೆ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಹಿಂದೆ ಇದೇ ಶಾಲೆಯಲ್ಲಿ ಜನ್ನತಬಿಯೇ ಅನ್ನ ಬಡಿಸಿದ ಮಕ್ಕಳು ಈಗ ಅವಳ ಮಗನ ಗಾಡಿ ಹತ್ತಿ ಶಾಲೆಯ ಗೇಟಿನ ಮುಂದೆಯೇ ಹಾಯ್ದು ಹೋಗುತ್ತಿದ್ದವು. ಆ ಗಾಡಿಯ ಗಳಿಕೆಯಿಂದ ಮನೆಯಲ್ಲಿ ಒಲೆ ಹೊತ್ತುತ್ತಿತ್ತು, ಈ ಶಾಲೆಯ ಒಲೆ ಹೊತ್ತಿಸುವುದು ಅವಳ ಕೆಲಸವಾಗಿತ್ತು. ಎರಡನ್ನೂ ಕೂಡಿಸಿ ಯೋಚಿಸುವ ಗೋಜಿಗೆ ಅವಳು ಹೋಗಿರಲಿಲ್ಲ. ಅನ್ನಪೂರ್ಣ ಟೀಚರೂ ಅದರ ಮಾತು ಒಮ್ಮೆಯೂ ಎತ್ತಿರಲಿಲ್ಲ.

ಅನ್ನಪೂರ್ಣ ಬೆಟಗೇರಿಯ ನೇಕಾರರ ಮನೆಯ ಸೊಸೆ. ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುವವರು. ಜನ್ನತಬಿಯ ಓಣಿಯಿಂದ ಒಂದನೆಯ ಇಯತ್ತೆಗೆ ಬರುವ ಮಕ್ಕಳಿಗೆ ಕನ್ನಡ ಬರುತ್ತಿರಲಿಲ್ಲ. ನೀರು ಬೇಕಾದರೂ ಕೇಳಲಾರದೆ ಮುಖ ಸಣ್ಣದು ಮಾಡಿಕೊಂಡು ಕೂರುತ್ತಿದ್ದವು. ಟೀಚರು ಆ ಕಿಟಕಿಯ ಬಳಿ ನಿಂತು, ಹಸಿವೆಗೆ ಏನಂತಾರ, ಹೊಟ್ಟೆ ನೋವಿಗೆ ಏನಂತಾರ, ಹೆದರಬೇಡ ಅನ್ನೂದು ಹೆಂಗ ಎಂದು ಒಂದೊಂದೇ ಮಾತು ಜನ್ನತಬಿಯಿಂದ ಕೇಳಿ ಕಲಿತಿದ್ದರು. "ನಿಮ್ಮ ಉರ್ದುಗೆ ಕಾಲು ಮುರದೈತ್ರಿ ಟೀಚರ," ಎಂದು ಜನ್ನತಬಿ ನಕ್ಕರೆ, "ಕುಂಟಿಕೋತರ ಹೋದೀತು ಬಿಡ್ರಿ ಅಮ್ಮಾ," ಎನ್ನುತ್ತಿದ್ದರು. ಹಾಗೆ ಕುಂಟುತ್ತ ಹೋದ ಆ ಮಾತು ಕೇಳಿಯೇ ಎಷ್ಟೋ ಮಕ್ಕಳು ಅಳು ಬಿಟ್ಟು ಪಾಟಿ ಹಿಡಿದಿದ್ದವು. ಫಿಜಾಳೂ ಹಾಗೆಯೇ.

ಮಂಗಳವಾರ ಸಂಜೆ ಟೀಚರು ಜನ್ನತಬಿಯ ಮನೆಗೆ ಬಂದರು. ಗಂಡ ಮಕ್ತುಮಸಾಬ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದವನು ಎದ್ದು ಜಾಗ ಬಿಟ್ಟ. ಜನ್ನತಬಿ ಚಾ ಮಾಡಿ ತಂದಳು. ಟೀಚರು ಚಾ ಕುಡಿದರು, ಬಿಸಿಲಿನ ಮಾತಾಡಿದರು, ಅಯ್ಯೂಬನ ಗಾಡಿ ಎಲ್ಲಿಗೆ ಹೋಗಿದೆ ಎಂದೂ ಕೇಳಲಿಲ್ಲ. ಬಟ್ಟಲು ಕೆಳಗಿಟ್ಟು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತರು.

"ನಿಮಗ ಗೊತ್ತಾಗಿರಬೇಕಲ್ರಿ ಅಮ್ಮಾ."

"ಕಿಟಕ್ಯಾಗ ಕೇಳಿದ್ವಿರಿ."

"ನನ್ನ ಸಲವಾಗಿ ಅಷ್ಟ ಅಲ್ರಿ. ಮುಂಡರಗಿ ಆಚೆ ಹೋದ್ರ ಅಲ್ಲೇ ಖೋಲಿ ಹಿಡಿಬೇಕು, ಮನ್ಯಾಗ ಅತ್ತಿ ಹಾಸಿಗಿ ಹಿಡದಾರ, ಅದು ನಂದು. ಆದ್ರ ಇಲ್ಲಿ ಉಳಿಯೂದು ಇಬ್ರು. ಹೆಡ್ ಮಾಸ್ತರು ಕಾಗದಪತ್ರ, ಮೀಟಿಂಗ್ ಅಂತ ಗದಗಕ್ಕ ಹೋದ ದಿನಾ ಹೊನ್ನೇಶ ಸರ್ ಒಬ್ರ ಐದೂ ಇಯತ್ತೆ ಹಿಡಿಬೇಕು. ಸಣ್ಣವರನ್ನ ಯಾರ ನೋಡ್ತಾರ?"

ಬಂದವರು ಬಾಯಿಬಿಟ್ಟು ಕೇಳುವ ಮೊದಲೇ ಕೊಟ್ಟುಬಿಡುವುದು ಆ ಕಡೆಯ ರೂಢಿ. ಹೊಸ್ತಿಲ ಮೇಲೆ ಕೂತವರಿಗೆ 'ಇಲ್ಲ' ಅನ್ನಬಾರದು. ಮನೆಯಲ್ಲಿ ಅಕ್ಕಿ ತೀರಿದರೂ 'ಅಕ್ಕಿ ಹೆಚ್ಚಾಗೈತಿ' ಅನ್ನಬೇಕೇ ಹೊರತು ತೀರಿತು ಅನ್ನಬಾರದು. ಜನ್ನತಬಿ ಅಂಥ ಮಾತಿನಲ್ಲೇ ಬೆಳೆದವಳು.

"ಫಿಜಾ, ರುಹಿ ನಿಮ್ಮ ಮಕ್ಕಳ ಅಲ್ಲೇನ್ರಿ ಟೀಚರ? ಕಳಸ್ತೀವಿ ತಗೋರಿ," ಎಂದುಬಿಟ್ಟಳು.

ಟೀಚರು ತಲೆ ಎತ್ತಿದರು. "ಖರೇನ ಹೇಳ್ತೀರಿ?"

"ಖರೇನ್ರಿ."

"ನೀವು ಕಳಸ್ತೀರಿ ಅಂದ್ರ ಮುತ್ತವ್ವಾರೂ ಮೊಮ್ಮಗನ್ನ ಕಳಸ್ತಾರ, ಈಗ ಅಲ್ಲಿಗೇ ಹೊಂಟೀನಿ. ಕಿರಾಣಿ ಅಂಗಡಿ ಲಾಲಬಿಯವರೂ ನೋಡೂಣು ಅಂದಾರ. ಮೂರು ಆದಂಗ ಆತಲ್ರಿ ಅಮ್ಮಾ! ಶನಿವಾರ ಮುಂಜಾನೆ ಕರಕೊಂಡ ಬರ್ರಿ, ಹೆಸರು ಹಚ್ಚೂಣು." ಟೀಚರ ಕಣ್ಣಲ್ಲಿ ನೀರು ನಿಂತಿತು. ಹೋಗುವಾಗ ಜನ್ನತಬಿಯ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು.

ಅವರು ಓಣಿ ದಾಟುವವರೆಗೂ ಮಕ್ತುಮಸಾಬ ಹಗ್ಗ ಮುಟ್ಟಲಿಲ್ಲ. "ಯಾರನ್ನ ಕೇಳಿ ಹೂಂ ಅಂದಿ?" ಎಂದ.

"ಮನಿಗೆ ಬಂದಾರ, ಏನ ಅನ್ಲಿ?"

"ಅಯ್ಯೂಬ ಏನಂತಾನ ನೋಡು."

ಆ ಮನೆಯಲ್ಲಿ ಮಾತು ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ಓಣಿಗೆ ಕೇಳಿಸಬೇಕಾದದ್ದನ್ನು ಅಯ್ಯೂಬ ಕನ್ನಡದಲ್ಲೇ ಹೇಳುತ್ತಿದ್ದ. ಅವತ್ತು ಕನ್ನಡಕ್ಕೆ ಇಳಿಯಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಅಮ್ಮಾ, ನಿನಗ ತಿಳೀವಲ್ದು. ನನ್ನ ಹುಡುಗ್ಯಾರು ಮುಂದ ಕುಂತಿರ್ತಾರಂತ ಮಂದಿ ತಮ್ಮ ಮಕ್ಕಳನ್ನ ಹಿಂದ ಹತ್ತಸ್ತಾರ. ನಾನ ಇಳಿಸಿದೆ ಅಂದ್ರ ಏನಂತಾರ? ಆ ಶಾಲ್ಯಾಗ ಏನೋ ಆಗೇತಿ, ಡ್ರೈವರಗ ಗೊತ್ತೈತಿ, ಅದಕ್ಕ ತನ್ನವರನ್ನ ಬಿಡಿಸ್ಯಾನ ಅಂತಾರ. ವಾರದಾಗ ಗಾಡಿ ಖಾಲಿ."

ಸೊಸೆ ಸಬೀನಾ ಒಳಗಿನಿಂದಲೇ ಮೆಲ್ಲಗೆ ಹೇಳಿದಳು. "ಫಿಜಾ ಈಗ ಇಂಗ್ಲಿಷನ್ಯಾಗ ಹೆಸರು, ಊರು ಹೇಳಾಕ ಕಲತಾಳ ಅತ್ತಿ. ಈಗ ಬಿಡಿಸಿದ್ರ ಅದೂ ಇಲ್ಲ, ಇದೂ ಇಲ್ಲ."

ಇಬ್ಬರದೂ ಸುಳ್ಳಲ್ಲ.

"ಹಂಗಾರ ನಾಳೆ ಮುಂಜಾನೆ ಹೋಗಿ ಆಗೂದಿಲ್ಲ ಅನ್ನು," ಎಂದ ಮಕ್ತುಮಸಾಬ. "ಒಂದ ಮಾತು. ಅಕಿ ಬ್ಯಾರೆ ದಾರಿ ನೋಡ್ಕೋತಾಳ."

ಬುಧವಾರ ಅವಳು ಹೇಳಬೇಕೆಂದೇ ಹೋದಳು. ಟೀಚರು ಕಿಟಕಿಗೆ ಬಂದು, "ಅಮ್ಮಾ, ರುಹಿಗೆ ಪುಸ್ತಕ ತಗದಿಟ್ಟೀನ್ರಿ, ಫಿಜಾದ್ದು ಮೂರನೇ ಇಯತ್ತೆದು ಒಂದ ಕಡಿಮಿ ಐತಿ, ತರಸ್ತೀನಿ," ಎಂದರು. ಜನ್ನತಬಿ ಒಲೆಯ ಕಡೆ ತಿರುಗಿ ಊದತೊಡಗಿದಳು. ಗ್ಯಾಸಿನ ಒಲೆಗೆ ಊದುವ ಕೆಲಸವಿಲ್ಲ. ಮುತ್ತವ್ವ ಅದನ್ನು ನೋಡಿ ತುಟಿ ಕಚ್ಚಿಕೊಂಡಳು.

"ನೀ ಹೇಳು," ಎಂದಳು ಗುರುವಾರ ಜನ್ನತಬಿ.

"ನಾ ಯಾಕ? ಮೊದಲ ಹೂಂ ಅಂದಾಕಿ ನೀನ."

"ನೀನೂ ಅಂದೀ."

"ನೀ ಅಂದಿ ಅಂತ ಕೇಳಿ ನಾ ಅಂದೆ. ನಿಮ್ಮ ಹುಡುಗ್ಯಾರ ಗಾಡಿ ಇಳದ್ರ ನನ್ನ ಮೊಮ್ಮಗಂದೇನು ಅಂತ. ಈಗ ನನ್ನ ಮಗ ಒಲ್ಲೆ ಅಂತಾನ. ಅಯ್ಯೂಬನ ಮಕ್ಕಳು ಲಕ್ಷ್ಮೇಶ್ವರಕ್ಕ ಹೋಗೂದಾದ್ರ ನಮ್ಮವನೂ ಹೋಗಲಿ ಅಂತಾನ." ಮುತ್ತವ್ವ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಒಟ್ಟಿನ ಮ್ಯಾಲ ಟೀಚರ ಹೋಗೂದು ಗಟ್ಟಿ ಆತು ನೋಡು."

ಆಗ ಜನ್ನತಬಿಯ ಬಾಯಿಂದ ಆ ಮಾತು ಬಂತು. "ಬರಿಗೈಲೆ ಹೆಂಗ ಕಳಸೂದು ಬೇ? ಮನಿ ಮಗಳಿದ್ದಂಗ ಇದ್ಲು. ಉಡಿ ತುಂಬೂಣ."

ಹೇಳಿದ ಕೂಡಲೇ ಎದೆಯ ಮೇಲಿನ ಕಲ್ಲು ಜಾರಿದಂತಾಯಿತು. ಮುತ್ತವ್ವನ ಮುಖವೂ ಅರಳಿತು. ಹೇಳಬೇಕಾದ ಮಾತಿನ ಬದಲು ಮಾಡಬೇಕಾದ ಕೆಲಸವೊಂದು ಸಿಕ್ಕಿತು. ಸಂಜೆಯೊಳಗೆ ಮಾತು ಓಣಿಯಿಂದ ಓಣಿಗೆ ಹೋಯಿತು. ಟೀಚರು ಯಾರ ಯಾರ ಕಟ್ಟೆಯ ಮೇಲೆ ಕೂತು ಚಾ ಕುಡಿದಿದ್ದರೋ, ಯಾರು ಯಾರು ಹೂಂ ಅಂದು ಮಕ್ಕಳನ್ನು ಕಳಿಸದೆ ಉಳಿದಿದ್ದರೋ, ಅವರೆಲ್ಲರಿಗೂ ತರಲು ಏನಾದರೊಂದು ದೊರಕಿತು. ಕಿರಾಣಿ ಅಂಗಡಿಯ ಲಾಲಬಿ ಕೊಬ್ಬರಿ ಬಟ್ಟಲು, ಉತ್ತತ್ತಿ ತನ್ನದೇ ಇರಲಿ ಎಂದಳು. ಒಬ್ಬಾಕೆ ಕುಪ್ಪಸಕ್ಕೆಂದು ಗುಳೇದಗುಡ್ಡದ ಖಣ ತೆಗೆದಿಟ್ಟಳು. ಜನ್ನತಬಿ ಹಬ್ಬಕ್ಕೆಂದು ಇಟ್ಟಿದ್ದ ಒಳ್ಳೆಯ ಅಕ್ಕಿಯನ್ನೇ ಸೋಸಿದಳು. ಹೋಗುವ ಹೆಣ್ಣುಮಗಳ ಮಡಿಲಿಗೆ ಉಡಿ ತುಂಬುವುದು ಜನ್ನತಬಿಯವರ ಮನೆಗಳಲ್ಲೂ ಉಂಟು. ಕುಂಕುಮ ಒಂದಿಲ್ಲ, ಉಳಿದದ್ದೆಲ್ಲ ಅದೇ. ಟೀಚರಿಗೆ ಮೊದಲು ಹೇಳಬೇಕೆಂದು ಮಾತ್ರ ಯಾರಿಗೂ ಅನ್ನಿಸಲಿಲ್ಲ. ಅನ್ನಿಸಿದವರೂ ಅನ್ನಲಿಲ್ಲ.

ಶನಿವಾರ ಮುಂಜಾನೆಯ ಶಾಲೆ. ಮಕ್ಕಳ ಉಪ್ಪಿಟ್ಟು ಮುಗಿದ ಮೇಲೆ ಜನ್ನತಬಿ, ಮುತ್ತವ್ವ ಮನೆಗೆ ಹೋಗಿ ಒಳ್ಳೆಯ ಸೀರೆ ಉಟ್ಟುಕೊಂಡು, ತಟ್ಟೆಗೆ ವಸ್ತ್ರ ಮುಚ್ಚಿಕೊಂಡು ಉಳಿದ ಹೆಂಗಸರ ಜೊತೆ ಬಂದರು. ಪುಂಡಲೀಕಪ್ಪ ಮಾಸ್ತರು ಗದಗಕ್ಕೆ ಹೊರಡಲು ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದರು. ಒಂದನೆಯ ಇಯತ್ತೆಯ ಕೋಣೆ ಗುಡಿಸಿ ಹೊಸ ಚಾಪೆ ಹಾಸಿತ್ತು. ಟೇಬಲ್ಲಿನ ಮೇಲೆ ಮೂರು ಪುಸ್ತಕದ ಕಟ್ಟು.

ಹೆಂಗಸರ ಸಾಲು ಗೇಟು ದಾಟಿ ಒಳಗೆ ಬರುವುದನ್ನು ಕಂಡು ಅನ್ನಪೂರ್ಣ ಟೀಚರು ಪಡಸಾಲೆಯಿಂದ ಅಂಗಳಕ್ಕೆ ಇಳಿದೇಬಿಟ್ಟರು.

"ಬರ್ರಿ, ಬರ್ರಿ! ಎಲ್ಲಾರೂ ಕೂಡೇ ಬಂದ್ರ್ಯಲ್ರಿ! ನಾ ಇಬ್ರೋ ಮೂವರೋ ಅಂತ ತಿಳದಿದ್ದೆ." ಅವರ ಕಣ್ಣು ಹೆಂಗಸರ ಮುಖದ ಮೇಲೆ ನಿಲ್ಲದೆ ಸೀರೆಯ ನೆರಿಗೆಗಳ ಹಿಂದೆ ಹುಡುಕುತ್ತಿತ್ತು, ನಾಚಿ ಅಡಗಿದ ಮಕ್ಕಳನ್ನು ಹುಡುಕುವ ಹಾಗೆ. "ಮಕ್ಕಳೆಲ್ಲಿ? ಹಿಂದ ಬರಾಕತ್ತಾರೇನು?"

ಲಾಲಬಿ ಏನು ಮಾಡಬೇಕೆಂದು ತೋಚದೆ ತಟ್ಟೆಯ ಮೇಲಿನ ವಸ್ತ್ರ ಸರಿಸಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಮಡಿಸಿದ ಖಣ.

ಟೀಚರು ತಟ್ಟೆಯನ್ನು ನೋಡಿದರು. ಆಮೇಲೆ ಜನ್ನತಬಿಯನ್ನು ನೋಡಿದರು. ಜನ್ನತಬಿ ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಪಡಸಾಲೆಯಲ್ಲಿ ಪುಂಡಲೀಕಪ್ಪ ಮಾಸ್ತರು ಚೀಲವನ್ನು ಹೆಗಲಿನಿಂದ ಇಳಿಸಿ ಕುರ್ಚಿಯ ಮೇಲಿಟ್ಟ ಸಪ್ಪಳ ಕೇಳಿಸಿತು.

"ಟೀಚರ, ನೀವು ಹೊಂಟೀರಿ ಅಂತ..." ಮುತ್ತವ್ವ ಅಷ್ಟಕ್ಕೇ ಅಳಲು ಶುರು ಮಾಡಿದಳು. ಅಳುವುದರಲ್ಲಿ ಅವಳು ಊರಿಗೇ ಹೆಸರಾದವಳು. ಯಾರ ಮನೆಯ ಮದುವೆಯಾದರೂ ಮಗಳನ್ನು ಕಳಿಸುವಾಗ ಅವಳನ್ನು ಕರೆಯುತ್ತಿದ್ದರು. ಆ ದಿನ ಅವಳ ಅಳು ಕೇಳಲಾಗದಂತಿತ್ತು.

"ನಾ ಇನ್ನೂ ಹೊಂಟಿರಲಿಲ್ಲ ಮುತ್ತವ್ವಾರ," ಎಂದರು ಟೀಚರು. ದನಿ ಏರಿಸಲಿಲ್ಲ. ಒಳಗೆ ಹೋಗಿ, ಮಕ್ಕಳಿಗೆಂದು ಹಾಸಿದ್ದ ಹೊಸ ಚಾಪೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕುಳಿತರು. ಸೆರಗನ್ನು ಮುಂದಕ್ಕೆಳೆದು ಉಡಿ ಹಿಡಿದರು. "ಉಡಿ ಬ್ಯಾಡ ಅನ್ನಬಾರದು. ಹಾಕ್ರಿ."

ಒಬ್ಬೊಬ್ಬರಾಗಿ ಹಾಕಿದರು. ಉಡಿ ತುಂಬಿಸಿಕೊಂಡವಳು ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ತುಂಬಿದವರಿಗೆ ತಿರುಗಿ ಕೊಡಬೇಕು, ಮನೆ ಬರಿದಾಗದಿರಲೆಂದು. ಟೀಚರು ಅದನ್ನೂ ಮರೆಯಲಿಲ್ಲ. "ನಿಮ್ಮ ಅಂಗಡಿ ತುಂಬಿರಲಿ," ಎಂದು ಲಾಲಬಿಯ ತಟ್ಟೆಗೆ ಹಾಕಿದರು. "ನಿಮ್ಮ ಕಾಳಿನ ಹಗೇವು ತುಂಬಿರಲಿ," ಎಂದು ಮುತ್ತವ್ವನಿಗೆ. ಜನ್ನತಬಿ ಬಗ್ಗಿ ಅಕ್ಕಿ ಸುರಿದಾಗ ಟೀಚರ ಹಿಡಿ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು.

"ನಿಮ್ಮ ಅಯ್ಯೂಬನ ಗಾಡಿ ತುಂಬಿರಲಿ ಅಮ್ಮಾ."

ಆ ದನಿಯಲ್ಲಿ ಕುಹಕ ಇದೆಯೋ ಎಂದು ಜನ್ನತಬಿ ಕಿವಿಗೊಟ್ಟಳು. ಇರಲಿಲ್ಲ. ಇದ್ದಿದ್ದರೆ ಸಿಟ್ಟಾಗಿ ಪಾರಾಗಬಹುದಿತ್ತು. ಆ ಹಿಡಿ ಅಕ್ಕಿಯ ತಟ್ಟೆ ಎತ್ತಿಕೊಂಡು ಅವಳು ಪಕ್ಕಕ್ಕೆ ಸರಿದಳು.

ಹೆಂಗಸರು ಹಗುರಾಗಿ ಹೋದರು. "ಚಂದ ಆತು ಬಿಡು," ಎಂದು ಯಾರೋ ಗೇಟಿನ ಬಳಿ ಹೇಳಿದ್ದು ಕೇಳಿಸಿತು. ಜನ್ನತಬಿ ಉಪ್ಪಿಟ್ಟಿನ ಬೋಗುಣಿ ತಿಕ್ಕಲೆಂದು ಉಳಿದಳು. ತಿಕ್ಕಿದ್ದನ್ನೇ ತಿಕ್ಕುತ್ತಿದ್ದಾಗ ಟೀಚರು ಉಡಿಯ ಗಂಟು ಕಟ್ಟಿಕೊಂಡು ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಅಮ್ಮಾ, ಒಂದ ಮಾತ ಹೇಳ್ಲೇನು? ಸಿಟ್ಟಿಲೆ ಅಲ್ಲ."

"ಬೈರಿ ಟೀಚರ. ಬೈದ್ರ ನನಗ ಸಮಾಧಾನ."

"ಬೈಯೂದಲ್ರಿ. ಕಡಿ ಮಷಿನ್ ಐತೆಲ್ಲ, ಗುಡ್ಡದ ಕಡೆ, ಅಲ್ಲಿ ಕಲ್ಲು ಒಡಿಯೋ ಮಂದಿ ಮಕ್ಕಳು ನಾಕೈದು ಅದಾವ. ಯಾವ ಶಾಲಿಗೂ ಹೋಗಂಗಿಲ್ಲ. ಸೋಮವಾರ ಹೋಗಿ ಮಾತಾಡಿದ್ದೆ. ಅವರಪ್ಪ, ಬುಧವಾರ ಬರ್ರಿ ಬಾಯಾರ, ಕರಕೊಂಡ ಹೋಗ್ರಿ ಅಂದಿದ್ದ." ಟೀಚರು ಗಂಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಮಂಗಳವಾರ ನೀವು ಕಳಸ್ತೀವಿ ಅಂದ್ರಿ. ಮೂರು ತುಂಬಿತು ಅಂತ ನಾ ಬುಧವಾರ ಹೋಗಲಿಲ್ಲ. ನಿನ್ನಿ ಯಾಕೋ ಸಂಶೇ ಬಂದು ಹೋದೆ. ಅಮಾಸಿಗೆ ಅಂತ ಅವರೆಲ್ಲ ತಮ್ಮೂರಿಗೆ ಹೋಗ್ಯಾರ."

ಜನ್ನತಬಿಯ ಕೈಯಲ್ಲಿದ್ದ ನಾರು ನಿಂತಿತು.

"ಒಲ್ಲೆ ಅಂದಿದ್ರ ನನಗೇನೂ ಬ್ಯಾಸರ ಇರಲಿಲ್ರಿ ಅಮ್ಮಾ. ಯಾರ ಮಕ್ಕಳು ಎಲ್ಲಿ ಕಲೀಬೇಕು ಅನ್ನೂದು ಅವರವರ ಇಚ್ಛಾ. ಹೇಳಬೇಕಾಗಿತ್ತು, ಅಷ್ಟ."

"ನಿಮ್ಮ ಮಾರಿ ನೋಡಿ ಬಾಯಿ ಬರಲಿಲ್ರಿ."

"ಹೂಂ," ಎಂದರು ಟೀಚರು. "ತಪ್ಪು ನಂದೂ ಐತಿ. ಈ ಸೀಮ್ಯಾಗ ಹುಟ್ಟಿ, ಕಳಸ್ತೀವಿ ತಗೋರಿ ಅನ್ನೂ ಮಾತಿನ ಅರ್ಥ ನನಗ ತಿಳೀಬೇಕಾಗಿತ್ತು," ಎಂದರು.

ಅದು ಕೇಳಿ ಜನ್ನತಬಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಗಂಟು ಭಾರವಿತ್ತು. ಬೇಡವೆಂದರೂ ಕೇಳದೆ ಜನ್ನತಬಿ ಅದನ್ನು ಹೊತ್ತುಕೊಂಡು ಬಸ್ಸು ನಿಲ್ಲುವ ಕಡೆಗೆ ಟೀಚರ ಹಿಂದೆ ನಡೆದಳು. ಅರ್ಧ ಹಾದಿಗೆ ಲಕ್ಷ್ಮೇಶ್ವರದ ಕಡೆಯಿಂದ ಟಂಟಂ ಬಂತು. ಶನಿವಾರ ಆ ಶಾಲೆಯೂ ಬೇಗ ಬಿಡುತ್ತಿತ್ತು. ಅಯ್ಯೂಬ ತಾಯಿಯ ತಲೆಯ ಮೇಲಿನ ಗಂಟು ನೋಡಿ ಬ್ರೇಕ್ ಹಾಕಿದ.

"ಹತ್ರಿ ಟೀಚರ, ಬಸ್ ನಿಲ್ಲೂ ಕಡೆ ಬಿಟ್ಟ ಬರತೀನಿ. ಬಿಸಲಾಗ ನಡಕೋತ ಯಾಕ? ಏ ಸರೀರಲೇ, ಜಾಗಾ ಮಾಡ್ರಿ!" ಅವನು ಮನಸಾರೆ ಕರೆದಿದ್ದ.

ಟೈ ಕಟ್ಟಿದ ಮಕ್ಕಳು ಒಬ್ಬರ ತೊಡೆಯ ಮೇಲೊಬ್ಬರು ಏರಿ ಜಾಗ ಮಾಡಿದವು. ಅವುಗಳಲ್ಲಿ ಎಷ್ಟೋ ಮಕ್ಕಳು ಹಿಂದೆ ಅನ್ನಪೂರ್ಣ ಟೀಚರ ಕೈಯಲ್ಲೇ ಅಕ್ಷರ ತಿದ್ದಿದವು. "ಟೀಚರ್, ಇಲ್ಲಿ ಕುಂಡ್ರಿ! ಟೀಚರ್, ನನ್ನ ಕಡೆ!" ಎಂದು ಚೀರತೊಡಗಿದವು. ರುಹಿ ಮುಂದಿನಿಂದ ಹಾರಿ ಬಂದು ಅವರ ಕೈ ಹಿಡಿದು ಎಳೆದಳು. ಟೀಚರು ರುಹಿಯ ತಲೆ ಸವರಿ, ಗಾಡಿ ಹತ್ತಿ, ಮಕ್ಕಳ ನಡುವೆ ಇಕ್ಕಟ್ಟಿನಲ್ಲಿ ಕುಳಿತರು. ಜನ್ನತಬಿ ಗಂಟನ್ನು ಅವರ ತೊಡೆಯ ಮೇಲಿಟ್ಟಳು. ಒಳಗಿನ ತಲೆಗಳನ್ನು ಎಣಿಸಬಾರದೆಂದು ಅವಳು ಮುಖವನ್ನು ಹೊಲದ ಕಡೆ ತಿರುಗಿಸಿಕೊಂಡಳು.

"ಅಮ್ಮಾ, ನೀನೂ ಹತ್ತು," ಎಂದ ಅಯ್ಯೂಬ.

"ನಾ ಒಲ್ಲೆ. ನೀ ಹೋಗು."

"ಬರತೀನ್ರಿ ಅಮ್ಮಾ," ಎಂದರು ಟೀಚರು. ಹೋಗಿ ಬರ್ರಿ ಅನ್ನಬೇಕಿತ್ತು. ಜನ್ನತಬಿ ಕೈ ಮಾತ್ರ ಎತ್ತಿದಳು.

ಮನೆಯ ಕಡೆ ಬರುವಾಗ ಲಾಲಬಿಯ ಅಂಗಡಿಯ ಕಟ್ಟೆಯ ಮೇಲೆ ಮುತ್ತವ್ವ, ಲಾಲಬಿ, ಇನ್ನಿಬ್ಬರು ಎಲೆ ಹಾಕಿಕೊಳ್ಳುತ್ತ ಕುಳಿತಿದ್ದರು. ಮುತ್ತವ್ವನ ಕಣ್ಣು ಇನ್ನೂ ಕೆಂಪಗಿತ್ತು, ಮುಖ ಮಾತ್ರ ಹಬ್ಬ ಮುಗಿಸಿ ಬಂದವರ ಹಾಗೆ.

"ಬಸ್ ಹತ್ತಿಸಿ ಬಂದೇನ ಬೀ? ಟೀಚರ ಖುಷಿ ಆದ್ರಿಲ್ಲೋ?"

ಯಾರಾದರೂ ಹಾಗೆ ಕೇಳಿದರೆ ಹೂಂ ಅನ್ನುವುದು ರೂಢಿ.

"ಇಲ್ಲ," ಎಂದಳು ಜನ್ನತಬಿ. "ಖುಷಿ ಆಗಲಿಲ್ಲ. ನಮ್ಮ ಹೂಂ ನಂಬಿ ಅಕಿ ಕಡಿ ಮಷಿನಿನ ಮಕ್ಕಳನ್ನ ಕರಿಯಾಕ ಹೋಗಲಿಲ್ಲಂತ. ಬರೂ ಮಕ್ಕಳನ್ನೂ ನಾವ ತಪ್ಪಿಸಿದ್ವಿ. ಕಳಸಂಗಿಲ್ಲ ಅಂತ ಒಬ್ಬರಾರ ಅಂದಿದ್ರ ಅಕಿ ಇಲ್ಲೇ ಇರ್ತಿದ್ಲು. ಅದರ ಬದಲಿ ಅಕ್ಕಿ ಹಾಕಿ ಕಳಿಸಿದ್ವಿ. ಆ ಉಡಿ ಮಾತು ತಗದಾಕಿ ನಾನ."

ಲಾಲಬಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. "ಹಿಂಗ ನಡು ಬಾಜಾರದಾಗ ನಿಂತ ಅನಬ್ಯಾಡ ಬೇ," ಎಂದು ಮುತ್ತವ್ವ ಪಿಸುಗುಟ್ಟಿದಳು. "ಮಂದಿ ಕೇಳತೈತಿ."

ಜನ್ನತಬಿ ನಿಂತೇ ಇದ್ದಳು. ಆ ಕಟ್ಟೆಯ ಮುಂದೆ ಯಾರು ಬಂದರೂ ಕುಂಡ್ರು ಬಾ ಅನ್ನದೆ ಬಿಟ್ಟವರಿಲ್ಲ. ಅವತ್ತು ಯಾರೂ ಅವಳಿಗೆ ಕುಂಡ್ರು ಅನ್ನಲಿಲ್ಲ. ಅವಳೂ ಕೂರಲಿಲ್ಲ.